ಮೊದಲು ಕುಡಿಯುವವರು

ತ್ರಾಸಿ
9 ಫೆಬ್ರವರಿ 2025

ಬಚ್ಚ ಮಾವನಿಗೆ ವಿಜೇತಾಳ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟಿದ್ದೆ. ಅಮ್ಮನ ಮಟ್ಟಿಗೆ ಅದು ನಿಜ, ನನ್ನ ಮಟ್ಟಿಗೆ ಅಲ್ಲ. ಹಾಗಾಗಿ ಆ ಸಾಲು ಬಿಟ್ಟೆ. ಫೋನಿನಲ್ಲಿ ಎಷ್ಟು ಕೂಗಿದರೂ ನಿಮಗೆ ಕೇಳಿಸುವುದಿಲ್ಲ. ಬಾವಿಯೊಳಗೆ ಮದ್ದು ಸಿಡಿಸಿ ಕಿವಿ ಕಳೆದುಕೊಂಡ ಮಾವ ಒಬ್ಬರು ಇರುವುದರಿಂದ ನಾನು ಕಾಗದ ಬರೆಯುವುದನ್ನಾದರೂ ಕಲಿತೆ. ಪಿಯುಸಿ ಅರ್ಧಕ್ಕೆ ಬಿಟ್ಟವಳಿಗೆ ಇಷ್ಟು ಸಾಕು.

ಗಂಗೊಳ್ಳಿಯ ಐಸ್ ಪ್ಲಾಂಟಿನ ಕೆಲಸ ಹೋಯಿತು. ಬೋಟಿನವರೊಬ್ಬರು ಬಂದು, "ಹ್ವಾಯ್, ಐಸ್ ಪೂರ್ತಿ ಗಟ್ಟಿ ಆಯಿತ್ತಾ?" ಎಂದು ಕೇಳಿದರು. "ಇಲ್ಲೆ, ನಡೂಕೆ ಇನ್ನೂ ನೀರ್ ಇತ್ತ್, ಸಂಜಿಗ್ ಬನ್ನಿ" ಎಂದೆ. ಅವರು ಬೇರೆ ಪ್ಲಾಂಟಿಗೆ ಹೋದರು. ಪ್ಲಾಂಟಿನ ಧಣಿ ನನ್ನನ್ನು ಮನೆಗೆ ಕಳಿಸಿದರು. ಎರಡು ವರ್ಷದಲ್ಲಿ ಇದು ಐದನೆಯ ಕೆಲಸ.

ಆಗ ಅಲ್ಲಿ ಧಣಿಯ ಜೊತೆ ಚಾ ಕುಡಿಯುತ್ತಿದ್ದವರು ಸುಶಾಂತಣ್ಣ. ಕುಂದಾಪುರದಲ್ಲಿ ಜಾಗದ ವ್ಯಾಪಾರದ ಆಫೀಸು ಇಟ್ಟವರು. ನಾನು ಚಪ್ಪಲಿ ಹಾಕುವಾಗ ಹಿಂದಿನಿಂದ ಬಂದರು.

"ಸುಳ್ಳ್ ಹೇಳುಕೆ ಬತ್ತಿಲ್ಯಾ ನಿಂಗೆ?"

"ಬತ್ತಿಲ್ಲೆ."

"ಹಾಂಗಾರೆ ನಂಗೆ ನೀನೇ ಬೇಕ್ ಮಾರಾಯ್ತಿ."

ಒಂದೂವರೆ ತಿಂಗಳು ಅವರ ಜೊತೆ ಇದ್ದು ನೋಡಬೇಕಂತೆ. ಮಾರ್ಚ್ ಕೊನೆಗೆ ನಾನು ಹೂಂ ಎಂದರೆ ನನ್ನ ಹೆಸರಿನಲ್ಲಿ ಕಾರ್ಡು ಮಾಡಿಸಿ, ಏಜೆಂಟ್ ಎಂದು ಬೋರ್ಡಿನಲ್ಲಿ ಫೋಟೋ ಹಾಕುತ್ತಾರಂತೆ. ಊರೂರು ತಿರುಗುವ ಕೆಲಸ. ಒಂದು ಕಡೆ ಕೂರಲಾಗದ ನನಗೆ ಹೇಳಿ ಮಾಡಿಸಿದ ಹಾಗಿದೆ. ಆದರೂ ಹೆದರಿಕೆ. ಸುಳ್ಳು ಬರುವುದಿಲ್ಲ ಎಂದು ಇಷ್ಟು ದಿನ ಎಲ್ಲರೂ ನನ್ನನ್ನು ಕೆಲಸದಿಂದ ಬಿಡಿಸಿದರು. ಅದೇ ಬೇಕು ಎಂದು ಒಬ್ಬರು ಬಂದರೆ, ಅವರಿಗೆ ಅದರಿಂದ ಆಗಬೇಕಾದದ್ದು ಏನು?

ಮೊದಲು ತೋರಿಸಬೇಕಾದ ಜಾಗ ತ್ರಾಸಿಯಲ್ಲೇ ಇದೆ. ಹೆದ್ದಾರಿಯಿಂದ ನದಿಯ ಬದಿಗೆ, ಹನ್ನೆರಡು ಸೆಂಟ್ಸು, ಮೂಲೆಯಲ್ಲೊಂದು ಸಿಮೆಂಟಿನ ರಿಂಗ್ ಬಾವಿ. ಅದು ನೀವೇ ತೋಡಿದ ಬಾವಿ ಎಂದು ಅಮ್ಮ ಹೇಳುತ್ತಾಳೆ. ಹೌದಾ? ಹೋಗಲೋ ಬೇಡವೋ, ಬರೆಯಿರಿ.

ವಿಜೇತಾ


ಕೊಕ್ಕರ್ಣೆ
15 ಫೆಬ್ರವರಿ 2025

ವಿಜೇತಾ,

ನಿನ್ನ ಕಾಗದ ಬಂತು. ಜಾಗದ ವ್ಯಾಪಾರ ನಿನಗೆ ಬೇಡ. ಹೆಣ್ಣುಮಕ್ಕಳಿಗೆ ಅದು ಹೇಳಿದ್ದಲ್ಲ. ಬ್ರಹ್ಮಾವರದ ಒಂದು ನರ್ಸರಿಯಲ್ಲಿ ಗಿಡ ನೋಡಿಕೊಳ್ಳಲು ಜನ ಬೇಕಂತೆ. ಕೇಳಿ ಇಡುತ್ತೇನೆ.

ಆ ಬಾವಿ ನಾನು ತೋಡಿದ್ದಲ್ಲ. ನಿನ್ನ ಅಮ್ಮ ಸರಸಳಿಗೆ ತಪ್ಪು ನೆನಪು.

ಇಲ್ಲಿ ಎಮ್ಮೆ ಕರು ಹಾಕಿತು, ಗಂಡು. ನನ್ನ ಸೊಂಟ ನೋವು ಹಾಗೆಯೇ ಇದೆ.

ಬಚ್ಚ


ತ್ರಾಸಿ
2 ಮಾರ್ಚ್ 2025

ಮಾವ,

ನಿಮ್ಮ ಕಾಗದಕ್ಕೆ ಸಿಟ್ಟು ಬಂದು ಎರಡು ವಾರ ಉತ್ತರಿಸಲಿಲ್ಲ. ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎಂದಿರಿ. ಗೇರುಬೀಜದ ಕಾರ್ಖಾನೆಯಲ್ಲಿ ಅಮ್ಮನ ಬೆರಳು ಸುಟ್ಟು ಕಪ್ಪಾದದ್ದು ಹೆಣ್ಣುಮಕ್ಕಳಿಗೆ ಹೇಳಿದ್ದಾ? ಮರುದಿನವೇ ಸುಶಾಂತಣ್ಣನ ಆಫೀಸಿಗೆ ಹೋದೆ.

ನಿಜ ಹೇಳುತ್ತೇನೆ, ಕೆಲಸ ನನಗೆ ಹಿಡಿಸಿದೆ. ಬೈಂದೂರಿನಲ್ಲಿ ಒಬ್ಬರಿಗೆ ಜಾಗ ತೋರಿಸುವಾಗ, "ಮಳಿಗಾಲದಗೆ ಇಲ್ಲಿ ಮೊಣಕಾಲ್ ನೀರ್ ನಿಲ್ತ್" ಎಂದೆ. ಸುಶಾಂತಣ್ಣ ಬೈಯಲಿಲ್ಲ, ನಕ್ಕರು. ಆ ಗಿರಾಕಿ ಅದನ್ನು ಬಿಟ್ಟು, ನಾನು ಒಳ್ಳೆಯದೆಂದ ಇನ್ನೊಂದು ಜಾಗ ಕೊಂಡರು. "ಕಂಡ್ಯಾ? ನೀನ್ ಒಂದನ್ನ ಹಾಳ್ ಅಂದ್ರೆ ಜನ ಇನ್ನೊಂದನ್ನ ಕಣ್ ಮುಚ್ಚ್ಕಂಡ್ ತಕಂತ್ರ್" ಎಂದರು. ಹೊಗಳಿಕೆಯೇ ಇರಬೇಕು. ನನಗೆ ಮಾತ್ರ ಹಾಗೆ ಕೇಳಿಸಲಿಲ್ಲ.

ಆಫೀಸಿನಿಂದ ಹೊಸ ಫೋನು ಕೊಟ್ಟಿದ್ದಾರೆ. ಅದರಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗಿ ಅವರಿಗೆ ಹೋಗುತ್ತದೆ. ಮುಚ್ಚಿಟ್ಟಿಲ್ಲ, ಕೊಡುವಾಗಲೇ ಹೇಳಿದರು. ನಾನು ಈಗ ಮನಸ್ಸು ಬಿಚ್ಚಿ ಮಾತಾಡುವುದು ಈ ಕಾಗದದಲ್ಲಿ ಮಾತ್ರ.

ಮೊನ್ನೆ ಶುಕ್ರವಾರ ತ್ರಾಸಿಯ ಆ ಜಾಗ ತೋರಿಸಿದೆವು. ಕೊಳ್ಳುವವರು ಗಿರಿಜಕ್ಕ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿ, ಮಾರಿ ಬಂದಿದ್ದಾರೆ. ಈಗ ಬೈಂದೂರಿನ ತಂಗಿಯ ಮನೆಯಲ್ಲಿದ್ದಾರೆ. ಗಟ್ಟಿ ಹೆಂಗಸು. ನೆಲ ಒದ್ದು ನೋಡಿದರು, ಗಡಿಕಲ್ಲು ಎಣಿಸಿದರು. ಬಾವಿಯ ಹತ್ತಿರ ಬಂದು, "ತೋಡ್ದವ ಎಲ್ಲಿ? ಅವ ಮೊದ್ಲ್ ಕುಡಿಲಿ. ನಮ್ಮ್ ಅಜ್ಜಯ್ಯ ಹಾಂಗೇ ಕೇಳ್ತಿದ್ರ್" ಎಂದರು.

"ತೋಡ್ದವ ಈಗ ಇಲ್ಲಿಲ್ಲೆ ಅಕ್ಕಾ. ನಮ್ಮ್ ಹೆಣ್ಣ್ ಕುಡಿತ್ತ್. ಸುಳ್ಳ್ ಹೇಳುಕೆ ಬತ್ತಿಲ್ಲೆ ಇದ್ಕೆ, ಇಡೀ ಗಂಗೊಳ್ಳಿಗೆ ಗೊತ್ತಿತ್ತ್" ಎಂದರು ಸುಶಾಂತಣ್ಣ.

ನಾನು ಸೇದಿ ಕುಡಿದೆ. ಸಿಹಿಯಾಗಿತ್ತು, ಮಾವ. ಸಿಹಿ ಎಂದೆ. ಗಿರಿಜಕ್ಕನೂ ಕುಡಿದು, "ಮುಂಬೈ ನೀರಿಕಿಂತ ಲಾಯ್ಕ್ ಇತ್ತ್" ಎಂದರು. ಮಾರ್ಚ್ 24ಕ್ಕೆ ರಿಜಿಸ್ಟ್ರಿ.

ಆದರೆ ಮನೆಗೆ ಬಂದ ಮೇಲೆ ಎರಡು ಸಂಗತಿ ತಲೆಯಿಂದ ಹೋಗುತ್ತಿಲ್ಲ. ಬಾವಿಯ ಸುತ್ತ ಒಣಗಿದ ಹುಲ್ಲಿನ ಮೇಲೆ ದೊಡ್ಡ ಟಯರಿನ ಗುರುತಿತ್ತು. ಮತ್ತೆ, ಹಗ್ಗ ಹೊಸತು, ಆದರೆ ತೀರಾ ಗಿಡ್ಡ. ಕೊಡ ನೀರಿಗೆ ತಾಗುವಷ್ಟೇ. ಹೊಸ ಹಗ್ಗವನ್ನು ಯಾರಾದರೂ ಗಿಡ್ಡ ಮಾಡಿ ಕಟ್ಟುತ್ತಾರಾ?

ವಿಜೇತಾ


ಕೊಕ್ಕರ್ಣೆ
7 ಮಾರ್ಚ್ 2025

ವಿಜೇತಾ,

ಹಗ್ಗದ ಮಾತು ಯಾರ ಹತ್ತಿರವೂ ಎತ್ತಬೇಡ. ಹದಿನಾಲ್ಕು ರಿಂಗಿನ ಬಾವಿಗೆ ಎಷ್ಟು ಉದ್ದದ ಹಗ್ಗ ಬೇಕೆಂದು ನಿನಗೇನು ಗೊತ್ತು? ಮೇಲಿನ ನೀರು ಸಿಹಿ ಇದ್ದರೆ ಅಲ್ಲಿಗೇ ಬಿಟ್ಟುಬಿಡು. ಆ ಬಾವಿಯ ಹತ್ತಿರ ಇನ್ನು ಹೋಗಬೇಡ. ಕೆಲಸ ಬಿಟ್ಟು ಇಲ್ಲಿಗೆ ಬಾ. ನಿನ್ನ ಅತ್ತೆಗೂ ಜೊತೆಯಾಗುತ್ತದೆ.

ನರ್ಸರಿಯವರು ಇನ್ನೂ ಜಾಗ ಖಾಲಿ ಇದೆ ಎಂದಿದ್ದಾರೆ.

ಬಚ್ಚ


ತ್ರಾಸಿ
12 ಮಾರ್ಚ್ 2025

ಮಾವ,

ನಿಮ್ಮ ಕಾಗದ ಓದಿ ನನಗೆ ಮೊದಲು ಅನಿಸಿದ್ದು, ನೀವು ಸುಶಾಂತಣ್ಣನಿಗೆ ಹೆದರಿದ್ದೀರಿ ಎಂದು. ಎರಡನೆಯ ಸಲ ಓದುವಾಗ ಬೇರೆ ಅನಿಸಿತು. 'ಮೇಲಿನ ನೀರು' ಎಂದು ಬರೆದಿದ್ದೀರಿ. ಹಾಗಾದರೆ ಕೆಳಗಿನ ನೀರು ಎಂದು ಒಂದು ಬೇರೆ ಇರಬೇಕಲ್ಲ?

ಅಮ್ಮನ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿಕೊಂಡು ಹೋದೆ. ಬಾಟಲಿಗೆ ಕಲ್ಲು ಕಟ್ಟಿ, ಬಾಯಿಗೆ ಬೆಂಡು ತುರುಕಿ, ಬೆಂಡಿಗೆ ಇನ್ನೊಂದು ದಾರ ಕಟ್ಟಿದೆ. ಅದು ತಳ ಮುಟ್ಟಿದ ಮೇಲೆ ದಾರ ಎಳೆದೆ. ಗುಳುಗುಳು ಎಂದು ತುಂಬಿತು. ಮೇಲೆ ತಂದು ಬಾಯಿಗೆ ಹಾಕಿದರೆ, ನುಂಗಲಾಗಲಿಲ್ಲ. ಉಪ್ಪಿನಕಾಯಿಯ ಭರಣಿ ತೊಳೆದ ನೀರಿನ ಹಾಗಿತ್ತು. ಟ್ಯಾಂಕರಿನ ಸಿಹಿನೀರನ್ನು ಮೇಲಿನಿಂದ ಮೆಲ್ಲಗೆ ಇಳಿಸಿದ್ದಾರೆ. ಹಗುರವಾದ ಆ ನೀರು ಉಪ್ಪುನೀರಿನ ಮೇಲೆ ಕೆನೆಯ ಹಾಗೆ ಕೂತಿದೆ. ಕೊಡ ಕೆಳಗೆ ಇಳಿಯಬಾರದೆಂದೇ ಹಗ್ಗ ಗಿಡ್ಡ.

ಆಫೀಸಿಗೆ ಹೋಗಿ ನೇರ ಹೇಳಿದೆ. "ಸುಶಾಂತಣ್ಣ, ಆ ಬಾವಿ ಅಡಿಯಂಗೆ ಉಪ್ಪ್."

"ಸಮುದ್ರದ್ ಬದಿಯಂಗೆ ಉಪ್ಪ್ ಅಲ್ದೆ ಬೆಲ್ಲ ಇರತ್ತಾ?"

"ಗಿರಿಜಕ್ಕಂಗೆ ಹೇಳ್ಕ್."

"ಹೇಳ್. ಯಾರ್ ಬ್ಯಾಡ ಅಂದ್ರ್? ಆರೆ ಕುಡ್ದ್ ಸಿಹಿ ಅಂದದ್ದ್ ನಾನಲ್ಲ, ನೀನ್." ಆಮೇಲೆ ಡ್ರಾಯರಿನಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ನಮ್ಮ ಮನೆಯ ನಕ್ಷೆ, ಮಾವ. "ನಿಮ್ದ್ ಪಟ್ಟೆ ಇಪ್ಪುದ್ ಐದೇ ಸೆಂಟ್ಸ್ ಅಲ್ದಾ? ಹಿತ್ಲ್ ಪೂರ ಕುಮ್ಕಿ."

ಅದು ನಿಮಗೂ ಗೊತ್ತಿದೆ. ಕುಮ್ಕಿ ಎಂದರೆ ಹಕ್ಕುಪತ್ರವಿರುವ ಪಟ್ಟೆ ಜಾಗಕ್ಕೆ ತಾಗಿದ ಸರಕಾರದ ಜಾಗ. ಅನುಭವಿಸಬಹುದು, ನಮ್ಮದೆನ್ನುವ ಹಾಗಿಲ್ಲ. ನಮ್ಮ ಅಡುಗೆಕೋಣೆಯ ಹಿಂದಿನ ಗೋಡೆ, ಬಚ್ಚಲು, ನಾಲ್ಕು ತೆಂಗಿನಮರ, ಎಲ್ಲವೂ ಕುಮ್ಕಿಯಲ್ಲೇ ಇವೆ, ಅಳೆದರೆ ಅಷ್ಟೂ ತೆಗೆಯಬೇಕು. "ಯಾರೋ ಒಬ್ಬ ಅರ್ಜಿ ಹಾಕ್ರೆ ಅಳತಿಯವರ್ ಬತ್ರ್, ಅಷ್ಟೇ. ನಾನ್ ಎಂತಕ್ಕೆ ಹಾಕ್ತೆ? ನೀನ್ ನಮ್ಮ ಆಫೀಸಿನ್ ಹೆಣ್ಣ್" ಎಂದು ನಕ್ಷೆ ಮಡಚಿದರು. ಸ್ವರ ಏರಿಸಲಿಲ್ಲ. ನನಗೂ ಒಂದು ಚಾ ತರಿಸಿದರು. ಅದನ್ನು ಕುಡಿಯದೆ ಎದ್ದು ಬಂದೆ.

ಅಮ್ಮನಿಗೆ ಏನೂ ಹೇಳಿಲ್ಲ. ಅವಳು ಹಿತ್ತಲಲ್ಲಿ ಬಸಳೆ ಚಪ್ಪರಕ್ಕೆ ಗೂಟ ಹೊಡೆಯುತ್ತಿದ್ದರೆ ಒಂದೊಂದು ಪೆಟ್ಟೂ ನನ್ನ ಎದೆಗೆ ಬೀಳುತ್ತದೆ.

ಇನ್ನೊಂದು. ಆ ಬಾವಿಗೆ ಎಷ್ಟು ರಿಂಗು ಎಂದು ನಾನು ನಿಮಗೆ ಬರೆದಿರಲಿಲ್ಲ. ತಳ ಮುಟ್ಟಿದ ಹಗ್ಗವನ್ನು ಒಂದು ರಿಂಗಿನ ಎತ್ತರದಿಂದ ಅಳೆದು ಎಣಿಸಿದೆ. ಹದಿನಾಲ್ಕೇ ಇವೆ.

ವಿಜೇತಾ


ತ್ರಾಸಿ
18 ಮಾರ್ಚ್ 2025

ಮಾವ,

ನಿಮ್ಮಿಂದ ಉತ್ತರ ಬಂದಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಗೇಟಿಗೆ ಓಡುತ್ತೇನೆ.

ಭಾನುವಾರ ಬೈಂದೂರಿಗೆ ಬಸ್ಸಿನಲ್ಲಿ ಹೋದೆ. ಗಿರಿಜಕ್ಕನಿಗೆ ರಿಂಗಿನ ಲೆಕ್ಕದವರೆಗೆ ಎಲ್ಲ ಹೇಳಿದೆ. ತಳದ ನೀರಿನ ಬಾಟಲಿಯನ್ನೂ ಕೊಟ್ಟೆ. ಅವರು ಮುಚ್ಚಳ ತೆಗೆಯಲೇ ಇಲ್ಲ.

"ಯಾವ ಬ್ರೋಕರ್ ಕಳ್ಸ್ದ ನಿನ್ನ?"

"ಯಾರೂ ಕಳ್ಸ್ಲಿಲ್ಲೆ ಗಿರಿಜಕ್ಕ."

"ಮೊನ್ನೆಯೇ ಸುಶಾಂತ ಫೋನ್ ಮಾಡಿದ್ದ. ಬೇರೆ ಪಾರ್ಟಿಯವ್ರ್ ನಮ್ಮ ಹೆಣ್ಣನ್ನ ಹಿಡ್ದಿರ್, ವ್ಯಾಪಾರ ಹಾಳ್ ಮಾಡುಕೆ ಬತ್ತ್, ಅಂದ. ನೀನ್ ಬಂದೇ ಬಿಟ್ಟೆ! ಅವತ್ತ್ ಕುಡ್ದ್ ಸಿಹಿ ಅಂದಿ. ಇವತ್ತ್ ಉಪ್ಪ್ ಅಂತಿ. ನಾಳಿಗ್ ಹುಳಿ ಅಂತ್ಯಾ? ಈ ಬಾಟ್ಲಿಯಂಗೆ ಸಮುದ್ರದ್ ನೀರ್ ತುಂಬ್ಸ್ಕಂಡ್ ಬಂದದ್ದಲ್ಲ ಅಂಬುಕೆ ಎಂತ ಗ್ಯಾರಂಟಿ?"

"ಈಗ್ಲೇ ಬನ್ನಿ, ನಿಮ್ಮ್ ಎದ್ರೇ ಬಾಟ್ಲಿ ಇಳ್ಸ್ತೆ" ಎಂದೆ. ಅವರು ಕೈ ಅಲ್ಲಾಡಿಸಿದರು. "ಮುಂಬೈಯಂಗೆ ಕೈಚಳಕ ಸುಮಾರ್ ಕಂಡಿದ್ದೆ. ಬಾವಿ ತೋಡ್ದವ ಬಂದ್ ಹೇಳ್ಲಿ, ನಂಬ್ತೆ."

ಜೀವನದಲ್ಲಿ ಮೊದಲ ಸಲ ನನ್ನನ್ನು ಸುಳ್ಳಿ ಎಂದರು. ಅಳುತ್ತಾ ಬಂದೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಅವತ್ತು ಗಿಡ್ಡ ಹಗ್ಗ ಕಂಡೂ ನಾನು ಬಾಯಿ ಬಿಡಲಿಲ್ಲ. ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಲೂ ಇಲ್ಲ. ಅಷ್ಟು ಸುಲಭವಾಗಿ ನನ್ನಿಂದ ಅದಾಯಿತಲ್ಲ ಎಂಬ ಹೆದರಿಕೆ ಸುಶಾಂತಣ್ಣನ ನಕ್ಷೆಯ ಹೆದರಿಕೆಗಿಂತ ದೊಡ್ಡದಾಗಿದೆ.

24ರಂದು ಹನ್ನೊಂದು ಗಂಟೆಗೆ, ಕುಂದಾಪುರದ ಸಬ್ ರಿಜಿಸ್ಟ್ರಾರ್ ಕಚೇರಿ. ತೋಡಿದವರು ಯಾರೆಂದು ನಿಮಗೆ ಗೊತ್ತಿದೆ. ನನಗೂ ಗೊತ್ತಾಗಿದೆ. ಇನ್ನು ನಾನು ಕೇಳುವುದಿಲ್ಲ.

ವಿಜೇತಾ


ಕೊಕ್ಕರ್ಣೆ
21 ಮಾರ್ಚ್ 2025

ಮಗಾ,

ಪೋಸ್ಟಿಗೆ ಹಾಕಿದರೆ ಹೊತ್ತಿಗೆ ಸಿಗುವುದಿಲ್ಲವೆಂದು ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಾವಿ ನನ್ನದೇ. ಹನ್ನೊಂದು ವರ್ಷ ಆಯಿತು. ತೋಡುವಾಗಲೇ ಗೊತ್ತಿತ್ತು, ಒಂಬತ್ತನೆಯ ರಿಂಗಿನ ಕೆಳಗೆ ಹೊಯ್ಗೆ-ಮರಳು ಕಪ್ಪಾಗಿ ಬಂತು. ನದಿಯ ಉಪ್ಪು ಅಲ್ಲಿಯವರೆಗೆ ಬರುತ್ತದೆ ಎಂದರ್ಥ. ಮಳೆ ಕಳೆದು ಪುಷ್ಯದವರೆಗೆ ಸಿಹಿ, ಆಮೇಲೆ ಉಪ್ಪು. ಬಾವಿ ತೋಡಿಸಿದ್ದ ಸುಶಾಂತನಿಗೆ ಹೇಳಿದೆ. ಅವನು ಆಗಷ್ಟೇ ವ್ಯಾಪಾರ ಶುರು ಮಾಡಿದ್ದ. "ಬಚ್ಚಣ್ಣ, ಒಂದ್ ಉಪಾಯ ಹೇಳಿ" ಎಂದ. ಟ್ಯಾಂಕರ್ ಅವನದು. ಗಿಡ್ಡ ಹಗ್ಗ ನನ್ನ ಉಪಾಯ.

ಕೊಂಡವರು ಹೊಟೇಲಿನಲ್ಲಿ ದುಡಿದು ಬಂದ ಒಬ್ಬ, ಅವನ ಹೆಂಡತಿ ನಾಗು, ಸಣ್ಣ ಮಗು. ತೋಡಿದವ ಮೊದಲು ಕುಡಿಯಬೇಕೆಂದು ಅವರೂ ಕೇಳಿದರು. ನಾನು ಎರಡು ಬೊಗಸೆ ಕುಡಿದು ತೋರಿಸಿದೆ. ನಿನ್ನನ್ನು ಸುಶಾಂತ ನಿಲ್ಲಿಸಿದ್ದು ನಾನು ನಿಂತಿದ್ದ ಕಲ್ಲಿನ ಮೇಲೆಯೇ.

ಮಾರ್ಚಿಗೆ ಟ್ಯಾಂಕರಿನ ನೀರು ಮುಗಿದು ಉಪ್ಪು ಮೇಲೆ ಬಂತು. ನಾಗು ಹೆದ್ದಾರಿಯ ಆಚೆ ಬದಿಯಿಂದ ಕೊಡ ಹೊತ್ತು ತರುತ್ತಿದ್ದಳು. ಮೇ ತಿಂಗಳಲ್ಲಿ ಲಾರಿ ತಾಗಿತು. ಜೀವ ಉಳಿಯಿತು, ಒಂದು ಕಾಲು ಹೋಯಿತು. ಅವರು ಜಾಗವನ್ನು ಸಿಕ್ಕಿದ ಬೆಲೆಗೆ ಸುಶಾಂತನಿಗೇ ಕೊಟ್ಟು ಹೋದರು. ಅವನು ಈಗ ಅದನ್ನೇ ಮಾರುತ್ತಿರುವುದು.

ಆ ಮಳೆಗಾಲದ ನಂತರ ನಾನು ಬಾವಿಗೆ ಇಳಿಯಲಿಲ್ಲ. ಕಿವಿ ಹೋಯಿತು, ಹಾಗಾಗಿ ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ. ಕಿವಿ ಹೋದದ್ದು ನಿಜ. ಬಿಟ್ಟದ್ದು ಅದಕ್ಕಲ್ಲ.

ಸುಶಾಂತನ ಎದುರು ನಿಲ್ಲಲು ನನಗೆ ಹೆದರಿಕೆ. ಎಲ್ಲರೂ ನನ್ನ ಮುಖ ನೋಡಿ ಏನೋ ಹೇಳುತ್ತಾರೆ, ಏನೆಂದು ನನಗೆ ಕೇಳಿಸುವುದಿಲ್ಲ. ಬರುತ್ತೇನೆ ಎಂದು ಮಾತು ಕೊಡಲಾರೆ.

ಬಚ್ಚ


ತ್ರಾಸಿ
25 ಮಾರ್ಚ್ 2025

ಮಾವ,

ನೀವು ನಿನ್ನೆ ರಿಜಿಸ್ಟ್ರಾರ್ ಕಚೇರಿಗೆ ಬಂದಿರಿ, ಹೇಳಿದಿರಿ, ನನಗೆ ಮಾತಾಡಲೂ ಬಿಡದೆ ಬಸ್ಸು ಹತ್ತಿದಿರಿ. ನೀವು ಹೇಳಿದ್ದನ್ನು ಎಲ್ಲರೂ ಕೇಳಿದರು. ಅವರು ಹೇಳಿದ್ದು ನಿಮಗೆ ಕೇಳಲಿಲ್ಲ. ಅದನ್ನು ಬರೆಯುತ್ತೇನೆ.

ನೀವು ಗಿರಿಜಕ್ಕನ ಕಿವಿಯಲ್ಲಿ ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಸ್ವರ ರಸ್ತೆಯವರೆಗೆ ಹೋಗಿತ್ತು. "ಬಾವಿ ತೋಡ್ದವ ನಾನೇ, ಹದಿನಾಲ್ಕ್ ರಿಂಗ್. ಅಡಿಯಂಗೆ ಉಪ್ಪ್. ಹನ್ನೊಂದ್ ವರ್ಷದ್ ಹಿಂದೆ ಕುಡ್ದ್ ಸುಳ್ಳ್ ಹೇಳಿದೆ" ಎಂದು ನೀವು ಹೇಳುವಾಗ ಟೋಕನ್ ಹಿಡಿದು ಕೂತಿದ್ದ ಅಷ್ಟೂ ಜನ ತಿರುಗಿದರು. ದಸ್ತಾವೇಜು ಬರೆಯುವ ಮುದುಕರು ಪೆನ್ನು ಕೆಳಗಿಟ್ಟರು.

ಸುಶಾಂತಣ್ಣ, "ಇವ್ರಿಗೆ ಕಿವಿ ಮಾತ್ರ ಅಲ್ಲ, ತಲಿಯೂ ಸಮ ಇಲ್ಲೆ" ಎಂದು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ಗಿರಿಜಕ್ಕ ಎದ್ದು, "ತಲಿ ಸಮ ಇಲ್ದವ ರಿಂಗ್ ಲೆಕ್ಕ ಸಮ ಹೇಳ್ತ್ನಾ? ಹೋಪ, ನಂಗೆ ಈ ಜಾಗ ಬ್ಯಾಡ" ಎಂದರು. ಸುಶಾಂತಣ್ಣ ನನ್ನ ಹತ್ತಿರ ಬಂದು ಕೈ ಚಾಚಿದರು. ಹೊಡೆಯುತ್ತಾರೆ ಎಂದುಕೊಂಡೆ. "ಫೋನ್ ಕೊಡ್" ಎಂದರು, ಅಷ್ಟೇ. ಕೊಟ್ಟೆ. "ಅಮ್ಮಂಗೆ ಹೇಳ್, ಅಳತಿಯವ್ರ್ ಬತ್ರ್ ಅಂತ." ಇದನ್ನೂ ನಗುತ್ತಲೇ ಹೇಳಿದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಹಿಂದಿನ ಗೋಡೆಯನ್ನು ಹೆಜ್ಜೆಯಲ್ಲಿ ಅಳೆದಳು. "ಬರ್ಲಿ, ಗೋಡಿ ಒಳ್ಗ್ ಹಾಕುವ. ಅಡುಗಿಕೋಣಿ ಸಣ್ಣದಾರೆ ಅನ್ನ ಬೇಯ್ತಿಲ್ಯಾ?" ಎಂದಳು. ಆದರೆ ಆಮೇಲೆ ಬಸಳೆಗೆ ನೀರು ಹಾಕಲು ಹೋಗಲಿಲ್ಲ. ನನಗೆ ಈಗಲೂ ಹೆದರಿಕೆ ಇದೆ, ಮಾವ. ಗೇಟಿನ ಸದ್ದಾದರೆ ಎದ್ದು ನಿಲ್ಲುತ್ತೇನೆ.

ಗಿರಿಜಕ್ಕ ಕಚೇರಿಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಹೆಣ್ಣೆ, ನಂಗೆ ಇನ್ನೊಂದ್ ಜಾಗ ಹುಡ್ಕ್. ಏಪ್ರಿಲಂಗೇ ತೋರ್ಸ್, ನೀರ್ ಬತ್ತಿ ಹೋಪತ್ತಿಗೆ. ಮಳಿ ಬಂದ್ಮೇಲೆ ತೋರ್ಸುದಾರೆ ಬರೂದೇ ಬ್ಯಾಡ" ಎಂದರು. ಆಮೇಲೆ ಹೇಳುತ್ತೇನೆ ಎಂದೆ. ಆ ಕೆಲಸ ನನಗೆ ಬೇಕು. ಬೇಸಿಗೆಯಲ್ಲಿ ಮಾತ್ರ ಜಾಗ ತೋರಿಸುವ ಏಜೆಂಟ್ ಒಬ್ಬಳು ಇದ್ದರೆ ಏನಾಗುತ್ತದೆ ಎಂದು ನೋಡುವ ಆಸೆ ಇದೆ. ಆದರೆ ಅದಕ್ಕೆ ಮೊದಲು ನಿಮ್ಮಿಂದ ಒಂದು ಉತ್ತರ ಬೇಕು.

ನೀವು ಹಾಗೆ ಮೊದಲು ಕುಡಿದ ಬಾವಿಗಳು ಎಷ್ಟು? ಒಂದೇ ಆಗಿದ್ದರೆ ಒಂದು ಎಂದು ಬರೆಯಿರಿ. ಒಂದೇ ಅಲ್ಲ ಎಂದು ನನಗೆ ಹೆದರಿಕೆ.

ವಿಜೇತಾ


ಕೊಕ್ಕರ್ಣೆ
2 ಏಪ್ರಿಲ್ 2025

ಮಗಾ,

ಏಳು.

ಎಲ್ಲ ಆ ಒಂದೇ ಬೇಸಿಗೆಯಲ್ಲಿ ಕುಡಿದದ್ದು. ತ್ರಾಸಿಯಲ್ಲಿ ಎರಡು, ಅದರಲ್ಲಿ ಒಂದು ನಿನಗೆ ಗೊತ್ತು. ಮರವಂತೆಯಲ್ಲಿ ಮೂರು. ಗಂಗೊಳ್ಳಿಯಲ್ಲಿ ಒಂದು. ಉಪ್ಪುಂದದಲ್ಲಿ ಒಂದು, ಅಲ್ಲಿ ಈಗ ಯಾರಿದ್ದಾರೆಂದು ತಿಳಿಯದು. ಉಳಿದ ಮನೆಗಳ ಗುರುತು ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿನ್ನ ಅತ್ತೆಗೂ ಓದಿ ಹೇಳಿದೆ. ಅವಳು ಎರಡು ದಿನ ಮಾತಾಡಲಿಲ್ಲ. ಮಾತಾಡಿದಳೋ ಏನೋ, ನನ್ನ ಕಡೆ ಮುಖ ಮಾಡಿ ಆಡಲಿಲ್ಲ.

ಜಾಗ ತೋರಿಸುವ ಕೆಲಸ ನಿನಗೆ ಬೇಡ ಎಂದಿದ್ದೆ. ಹೆಣ್ಣೆಂದಲ್ಲ, ನನ್ನ ಸಂಗತಿ ಹೊರಬೀಳುತ್ತದೆ ಎಂದು. ಈಗ ಬಿದ್ದಾಯಿತು. ಗಿರಿಜಮ್ಮನಿಗೆ ಜಾಗ ಹುಡುಕು. ಬಾವಿಯ ಹೊಯ್ಗೆ ನೋಡಲು ನಾನು ಬರುತ್ತೇನೆ.

ಅದಕ್ಕೂ ಮೊದಲು ಮರವಂತೆಯ ಮೊದಲ ಮನೆಗೆ ಹೋಗಬೇಕು. ಭಾನುವಾರ ಒಂಬತ್ತರ ಬಸ್ಸಿಗೆ ಬರುತ್ತೇನೆ, ಹೆದ್ದಾರಿಯಲ್ಲಿ ನಿಂತಿರು. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಹೇಳುವುದನ್ನು ನಾನೇ ಹೇಳುತ್ತೇನೆ. ಬಾಗಿಲು ಮಾತ್ರ ನೀನು ತಟ್ಟಬೇಕು. ಒಳಗಿನಿಂದ ಯಾರು ಎಂದು ಕೇಳಿದರೆ ನನಗೆ ಕೇಳಿಸುವುದಿಲ್ಲ.

ಬಚ್ಚ